ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಎಕ್ಸೋಸೋಮ್ ಹಾಕಿಸಬಹುದಾ?

ಕಾರವಾರದಲ್ಲಿ ಮೀನು ಮಾರುವ ನಿಮ್ಮ ಅಮ್ಮನ ಪಾದಕ್ಕೆ ಚಿಪ್ಪು ತಾಗಿ ಎರಡು ತಿಂಗಳಾದರೂ ಗಾಯ ಮಾಯ್ದಿಲ್ಲ ಎಂದಿದ್ದೀರಿ. ಎಕ್ಸೋಸೋಮ್ ಸದ್ಯಕ್ಕೆ ಬೇಡ.

ಎಕ್ಸೋಸೋಮ್ ಅಂದರೆ ಜೀವಕೋಶಗಳು ಹೊರಗೆ ಬಿಡುವ ಪುಟ್ಟ ಪೊಟ್ಟಣಗಳು, ಸುಮಾರು 30ರಿಂದ 150 ನ್ಯಾನೋಮೀಟರ್. ಒಳಗಿನ ಪ್ರೋಟೀನ್, ಮೈಕ್ರೋ ಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಅಣು) ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತವೆ. ಸಕ್ಕರೆ ಜಾಸ್ತಿ ಇದ್ದರೆ ಗಾಯದ ಉರಿಯೂತ ಬೇಗ ಇಳಿಯುವುದಿಲ್ಲ, ಹೊಸ ರಕ್ತನಾಳ ಸರಿಯಾಗಿ ಹುಟ್ಟುವುದಿಲ್ಲ. ಕಾಂಡಕೋಶಗಳ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳ) ಎಕ್ಸೋಸೋಮ್ ಇವೆರಡನ್ನೂ ಸುಧಾರಿಸಿದ್ದು ಇಲಿಗಳಲ್ಲಿ ಕಂಡಿದೆ. ಮನುಷ್ಯರ ಮೇಲಿನ ಪ್ರಯೋಗ ಇನ್ನೂ ಆರಂಭದಲ್ಲಿದೆ. ಸುಮ್ನೆ ದುಡ್ಡು ಸುರಿಯಬೇಡಿ.

ಮೊದಲು ಕಾಲಿನ ರಕ್ತ ಸಂಚಾರ ಪರೀಕ್ಷೆ ಮಾಡಿಸಿ. ಸಕ್ಕರೆ ಹತೋಟಿಗೆ ತನ್ನಿ, ಗಾಯದ ಮೇಲೆ ಭಾರ ಬೀಳಬಾರದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವುದು ಖಂಡಿತ ಬೇಡ. ನರ ಮರಗಟ್ಟಿದ್ದರೆ ನೋವೇ ಗೊತ್ತಾಗಲ್ಲ ಅಲ್ವಾ? ಗಾಯ ಕಪ್ಪಾದರೆ, ವಾಸನೆ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.