ಟ್ರೋಪೋನಿನ್ ರಿಪೋರ್ಟ್ ಜಾತಕವಲ್ಲ

ಪ್ರಶ್ನೆ: ಅಪ್ಪನಿಗೆ 61. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ದಾರೆ. ಆರನೇ ದಿನ ನಾವೇ ಬೇರೆ ಲ್ಯಾಬಿನಲ್ಲಿ, ಹೃದಯಕ್ಕೆ ಬಿದ್ದ ಪೆಟ್ಟು ತೋರಿಸುವ ರಕ್ತಪರೀಕ್ಷೆ ಟ್ರೋಪೋನಿನ್ ಮಾಡಿಸಿದೆವು. ಆಸ್ಪತ್ರೆಯಲ್ಲಿ 2.1 ಇದ್ದದ್ದು ಈಗ 640! ಇನ್ನೆಷ್ಟು ವರ್ಷ, ಡಾಕ್ಟ್ರೇ?

ಮಾಡಿಸಿ ಅಂತ ಹೇಳಿದವರು ಯಾರು? ವಾರಕ್ಕೆ ಒಬ್ಬರಾದರೂ ಇಂಥ ಫೋಟೊ ಕಳಿಸುತ್ತಾರೆ. ಸಂಖ್ಯೆಯ ಪಕ್ಕದ ಸಣ್ಣ ಅಕ್ಷರ ಮಾತ್ರ ಯಾರೂ ಓದುವುದಿಲ್ಲ. ಮೊದಲನೆಯದು ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂಬ ಲೆಕ್ಕ. ಎರಡನೆಯದು ಒಂದು ಲೀಟರಿಗೆ. ಅಂದರೆ ಆ 2.1 ಎಂಬುದು 2100. ಅಪ್ಪನದು ಏರಿಲ್ಲ, ಇಳಿದಿದೆ! ಎಷ್ಟು ಇಳಿದಿದೆ ಅಂತ ಕೇಳಬೇಡಿ. ಲ್ಯಾಬ್ ಬದಲಾದರೆ ಅಳತೆಯೂ ಬದಲಾಗುತ್ತದೆ, ಟ್ರೋಪೋನಿನ್‌ನಲ್ಲೇ ಎರಡು ಬಗೆ, ಐ ಬೇರೆ, ಟಿ ಬೇರೆ.

ಹೃದಯದ ಸ್ನಾಯು ಸತ್ತಾಗ ರಕ್ತಕ್ಕೆ ಸೋರುವ ಪ್ರೋಟೀನ್ ಇದು. ವಾರ, ಹತ್ತು ದಿನ ರಕ್ತದಲ್ಲಿ ಉಳಿಯುತ್ತದೆ, ಟಿ ಆದರೆ ಎರಡು ವಾರವೂ ಇರಬಹುದು. ತುಂಬಾ ಜಾಸ್ತಿ ಏರಿದ್ದರೆ ಪೆಟ್ಟು ದೊಡ್ಡದು ಅನ್ನುವುದು ಸ್ಥೂಲವಾಗಿ ನಿಜ. ಆದರೆ ಮುಚ್ಚಿದ ರಕ್ತನಾಳ ಬೇಗ ತೆರೆದುಕೊಂಡರೂ ಟ್ರೋಪೋನಿನ್ ಒಮ್ಮೆಲೇ ಹೊರಗೆ ನುಗ್ಗಿ ಎತ್ತರಕ್ಕೆ ಹೋಗುತ್ತದೆ. ಒಂದು ಸಂಖ್ಯೆ ನೋಡಿ ಏನು ಹೇಳಲಿ? ಮತ್ತೆ ಎದೆ ನೋವು ಬಂದರೆ ಮಾತ್ರ ಆಸ್ಪತ್ರೆಯಲ್ಲೇ ಪುನಃ ನೋಡುತ್ತಾರೆ. ಇಳಿಯುತ್ತಿದ್ದದ್ದು ಶೇ 20ಕ್ಕಿಂತ ಜಾಸ್ತಿ ಏರಿತೇ ಅನ್ನುವುದು ಆಗ ಮುಖ್ಯ.

ಮುಂದಿನ ದಾರಿ ತಿಳಿಯಬೇಕಾದರೆ ನಾನು ಮೊದಲು ನೋಡುವುದು ಎಕೋ, ಅಂದರೆ ಹೃದಯದ ಸ್ಕ್ಯಾನ್. ರಕ್ತದಲ್ಲಿ ಎನ್‌ಟಿ-ಪ್ರೊಬಿಎನ್‌ಪಿ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಶುಗರ್. ಹೃದಯದ ಗೋಡೆ ಹಿಗ್ಗಿ ಒದ್ದಾಡುವಾಗ ಪ್ರೊಬಿಎನ್‌ಪಿ ಏರುತ್ತದೆ. ಆದರೆ ವಯಸ್ಸಾದವರಲ್ಲಿ, ಕಿಡ್ನಿ ಸೋತವರಲ್ಲಿ ಹಾಗೆಯೇ ಜಾಸ್ತಿ ಇರುತ್ತದೆ, ದಪ್ಪಗಿರುವವರಲ್ಲಿ ಕಡಿಮೆ ತೋರಿಸುತ್ತದೆ.

ವರ್ಷದ ಲೆಕ್ಕ ನಾನು ಹೇಳುವುದಿಲ್ಲ. ಹೊಸದರಲ್ಲಿ ಒಬ್ಬರಿಗೆ ಒಳ್ಳೆಯ ರಿಪೋರ್ಟ್ ನೋಡಿ ‘ಏನೂ ಭಯವಿಲ್ಲ’ ಅಂದಿದ್ದೆ. ಆ ಧೈರ್ಯದಲ್ಲೇ ಅವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಬಿಟ್ಟರು. ತಿಂಗಳೊಳಗೆ ಸ್ಟೆಂಟ್ ಮುಚ್ಚಿಕೊಂಡು ವಾಪಸ್ ಬಂದರು. ಅಪ್ಪ ಮಾತ್ರೆ ನುಂಗುತ್ತಿದ್ದಾರಾ? ಬೀಡಿ ಬಿಟ್ಟಿದ್ದಾರಾ? ಅದನ್ನು ಬರೆದಿಲ್ಲ ನೀವು.

ಪ್ರಶ್ನೆ: ಅಟ್ಯಾಕ್ ಆಗಿ ಮೂರನೇ ದಿನ ಸಿಆರ್‌ಪಿ ಜಾಸ್ತಿ ಇದೆ.

ಅದು ಉರಿಯೂತ ತೋರಿಸುವ ಪರೀಕ್ಷೆ, ಅಟ್ಯಾಕ್ ಆದಮೇಲೆ ಜಾಸ್ತಿ ಇರಲೇಬೇಕು. ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಅಟ್ಯಾಕ್ ಆಗಿ ವರ್ಷವಾಯಿತು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98, ಲ್ಯಾಬ್ ನಾರ್ಮಲ್ ಅಂದಿದೆ. ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಲಾ?

ಬೇಡ. ಆ ನಾರ್ಮಲ್ ನಿಮ್ಮದಲ್ಲ, ನಿಮಗೆ 55ಕ್ಕಿಂತ ಕೆಳಗೆ ಬೇಕು.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕಾಯಿಸಿ ಕುಡಿದರೆ ಬ್ಲಾಕ್ ಕರಗುತ್ತದಂತೆ?

ಸಾರಿಗೆ ಹಾಕಿ, ರುಚಿಯಾಗಿರುತ್ತದೆ. ಬಾಟಲಿಗೆ ತುಂಬಿ ಮಾರುವವನಿಗೆ ಬ್ಲಾಕ್ ಕರಗಿದ ಒಂದು ಆಂಜಿಯೋಗ್ರಾಂ ತೋರಿಸು ಅನ್ನಿ.

ಪ್ರಶ್ನೆ: ಎದೆ ನೋವು ಬಂದರೆ ಮೊದಲು ಲ್ಯಾಬಿಗೆ ಹೋಗಿ ಟ್ರೋಪೋನಿನ್ ಮಾಡಿಸಬಹುದಲ್ವಾ?

ಖಂಡಿತ ಬೇಡ. ಮೊದಲ ಗಂಟೆಗಳಲ್ಲಿ ಅದು ನಾರ್ಮಲ್ ಬರಬಹುದು, ನೀವು ಮನೆಗೆ ಹೋಗಿ ಮಲಗುತ್ತೀರಿ. ಮೊದಲು ಇಸಿಜಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಅಲ್ಲಿಗೆ ಓಡಿ.