ಪ್ಲಗ್ ಬದಲಿಸಿದ ಮೇಲೂ ಇಂಜಿನ್ ಮಿಸ್ಸಿಂಗ್ ನಿಲ್ಲದಿದ್ದರೆ ಎಲ್ಲಿ ಹುಡುಕಬೇಕು?

92 ಸಾವಿರ ಕಿಲೋಮೀಟರ್ ಓಡಿರುವ ನಿಮ್ಮ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಓಡುವಾಗ ಹೆಚ್ಚುಕಡಿಮೆ ಸರಿಯಾಗಿರುತ್ತದೆ, ಪ್ಲಗ್ ಬದಲಿಸಿದರೂ ಗುಣವಾಗಿಲ್ಲ, ಈಗ ಗ್ಯಾರೇಜಿನವರು ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ನಾಲ್ಕೂ ಕಾಯಿಲ್ ಮತ್ತು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಬದಲಿಸಬೇಕು ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಾಲ್ಕು ಕಾಯಿಲ್‌ಗಳು ಒಟ್ಟಿಗೆ ಕೆಡುವುದು ತೀರ ಅಪರೂಪ. ಒಂದು ಸಿಲಿಂಡರ್ ಪೂರ್ತಿ ಕೆಲಸ ನಿಲ್ಲಿಸಿದೆಯೇ ಅಥವಾ ನಾಲ್ಕೂ ಆಗೊಮ್ಮೆ ಈಗೊಮ್ಮೆ ಉರಿಯದೆ ತಪ್ಪುತ್ತಿವೆಯೇ ಎಂಬುದು ತಿಳಿಯುವವರೆಗೆ ಯಾವ ಬಿಡಿಭಾಗದ ಹೆಸರು ಹೇಳಿದರೂ ಅದು ಊಹೆಯೇ.

ಈ ವ್ಯತ್ಯಾಸವನ್ನು ಕಿವಿಯಿಂದಲೇ ಬಹುಮಟ್ಟಿಗೆ ಗುರುತಿಸಬಹುದು. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 750 ಸುತ್ತು ತಿರುಗುವ ಇಂಥ ಇಂಜಿನ್ ಸೆಕೆಂಡಿಗೆ 25 ಬಾರಿ ಉರಿಯುತ್ತದೆ. ಒಂದು ಸಿಲಿಂಡರ್ ಸತ್ತಿದ್ದರೆ ಸೆಕೆಂಡಿಗೆ ಸುಮಾರು ಆರು ಬಾರಿ ಒಂದೇ ಲಯದ ಕುಲುಕು ಸ್ಟೀರಿಂಗಿಗೆ ಬರುತ್ತದೆ, ಸೈಲೆನ್ಸರಿನ ಸದ್ದಿನಲ್ಲೂ ಅದೇ ಲಯದ ಬಿಡುವು ಕೇಳಿಸುತ್ತದೆ. ತಪ್ಪುವಿಕೆಗೆ ಲಯವೇ ಇಲ್ಲದಿದ್ದರೆ ಗಾಳಿ ಅಥವಾ ಇಂಧನದ ಕಡೆ ನೋಡಬೇಕು. ಸೈಲೆನ್ಸರಿನ ಸದ್ದು ಸಮವಾಗಿದ್ದು ಕಾರು ಮಾತ್ರ ನಡುಗುತ್ತಿದ್ದರೆ ಇಂಜಿನನ್ನು ಹಿಡಿದಿರುವ ರಬ್ಬರ್ ಆಧಾರ, ಎಂದರೆ ಇಂಜಿನ್ ಮೌಂಟಿಂಗ್, ಸವೆದಿರುವ ಸಾಧ್ಯತೆಯೇ ಹೆಚ್ಚು.

ಮುಂದಿನ ಹೆಜ್ಜೆ, ಇಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್. ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಪಿ0300 ಬಂದರೆ ತಪ್ಪು ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ ಎಂದರ್ಥ. ಉದಾಹರಣೆಗೆ ಪಿ0302 ಇದ್ದರೆ, ಇಂಜಿನ್ ಆರಿಸಿ ಎರಡನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೂ ಮೂರನೆಯದನ್ನು ಎರಡನೆಯದರ ಜಾಗಕ್ಕೂ ಹಾಕಿ, ಕೋಡ್ ಅಳಿಸಿ ಓಡಿಸಿ ನೋಡಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ, ಅದೊಂದನ್ನೇ ಬದಲಿಸಿದರೆ ಸಾಕು. ಕೋಡ್ ಕದಲದಿದ್ದರೆ ಪ್ಲಗ್ಗಿನ ಕುಳಿಯಲ್ಲಿ ಎಣ್ಣೆಯೋ ನೀರೋ ನಿಂತಿದೆಯೇ ಎಂದು ನೋಡಿ, ಬಳಿಕ ಆ ಸಿಲಿಂಡರಿನ ಇಂಜೆಕ್ಟರನ್ನು ಪರೀಕ್ಷಿಸಿ. ಒಂದು ಎಚ್ಚರಿಕೆ: ಚೆಕ್ ಇಂಜಿನ್ ದೀಪ ಮಿಟುಕುತ್ತಿದ್ದರೆ ಕಾರು ಓಡಿಸಬೇಡಿ, ಏಕೆಂದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಸುಟ್ಟುಹಾಕುತ್ತದೆ, ಮತ್ತು ಅದರ ಬೆಲೆ ಕಾಯಿಲಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಆದರೆ ನೀವು ವಿವರಿಸಿರುವ ಲಕ್ಷಣ, ಎಂದರೆ ನಿಂತಾಗ ಮಾತ್ರ ನಡುಕ, ನನ್ನನ್ನು ಬೇರೊಂದು ದಿಕ್ಕಿಗೆ ಕರೆದೊಯ್ಯುತ್ತದೆ. ನನ್ನ ಕಾರಿಗೂ ಹೀಗೆಯೇ ಆಗಿತ್ತು. ಶಿರಾಡಿ ಘಾಟಿಯನ್ನು ಯಾವ ತಕರಾರೂ ಇಲ್ಲದೆ ಏರಿದ ಗಾಡಿ ಸಕಲೇಶಪುರದಲ್ಲಿ ಚಹಾಕ್ಕೆಂದು ನಿಲ್ಲಿಸಿದೊಡನೆ ಗಡಗಡ ನಡುಗಲು ಆರಂಭಿಸಿತು. ಒಂದು ವರ್ಕ್‌ಶಾಪಿನಲ್ಲಿ ಒಳಬರುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ತೊಳೆದರು, ಇಂಜೆಕ್ಟರ್ ತೊಳೆದರು, ಆಕ್ಸಿಜನ್ ಸೆನ್ಸರ್ ಬದಲಿಸಿದರು; ನಡುಕ ಹಾಗೆಯೇ ಉಳಿಯಿತು. ಕೊನೆಗೆ ಸಿಕ್ಕಿದ್ದು, ಇಂಜಿನ್ ಒಳಗಿನ ಹಬೆಯನ್ನು, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಒಯ್ಯುವ ರಬ್ಬರ್ ಕೊಳವೆಯ ತಳಭಾಗದಲ್ಲಿದ್ದ ಒಂದು ಸೀಳು. ಮೇಲಿನಿಂದ ನೋಡಿದರೆ ಕೊಳವೆ ಹೊಸದರಂತೆಯೇ ಇತ್ತು, ಇಂಜಿನ್ ಬಿಸಿಯಾದಾಗ ಮಾತ್ರ ಸೀಳು ಬಾಯಿ ಬಿಡುತ್ತಿತ್ತು.

ಇದರ ಕಾರಣ ಸರಳವಾಗಿದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಬಲವಾಗಿರುತ್ತದೆ, ಇಂಜಿನ್ ಸೇವಿಸುವ ಗಾಳಿ ಮಾತ್ರ ಅತ್ಯಲ್ಪ. ಸಣ್ಣ ಸೀಳಿನಿಂದ ನುಗ್ಗುವ ಗಾಳಿಯೂ ಆಗ ದೊಡ್ಡ ಪಾಲಾಗಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಆಕ್ಸಿಲರೇಟರ್ ತುಳಿದಾಗ ಅದೇ ಸೋರಿಕೆ ಒಟ್ಟು ಗಾಳಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ಅಂಕಿಗಳನ್ನು (ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಏರಿಸುತ್ತಿದೆ ಅಥವಾ ಇಳಿಸುತ್ತಿದೆ ಎಂಬ ಲೆಕ್ಕ) ಎರಡು ಬಾರಿ, ಐಡ್ಲಿಂಗ್‌ನಲ್ಲೊಮ್ಮೆ ಮತ್ತು 2500 ಸುತ್ತಿನಲ್ಲೊಮ್ಮೆ, ಓದಿಸಿ. ಐಡ್ಲಿಂಗ್‌ನಲ್ಲಿ ಶೇಕಡ 20ರಷ್ಟು ಏರಿದ್ದು 2500ರಲ್ಲಿ ಶೇಕಡ 5ರ ಹತ್ತಿರಕ್ಕೆ ಇಳಿದರೆ ಅದು ಗಾಳಿಯ ಸೋರಿಕೆ ಎಂದು ಬಹುತೇಕ ನಿಶ್ಚಯವಾಗಿ ಹೇಳಬಹುದು. ತದ್ವಿರುದ್ಧವಾಗಿ ಭಾರ ಹೆಚ್ಚಿದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಮೇಲೆ ಸಂಶಯಪಡಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತ ಇ20, ಎಂದರೆ ಶೇಕಡ 20ರಷ್ಟು ಎಥನಾಲ್ ಬೆರೆತ, ಪೆಟ್ರೋಲಿನ ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊಂದಿರುವುದರಿಂದ ಅದೂ ಟ್ರಿಮ್ಮನ್ನು ತುಸು ಏರಿಸುತ್ತದೆ, ಆದರೆ ಆ ಏರಿಕೆ ಎರಡೂ ವೇಗಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ.

ಸೋರಿಕೆಯ ಜಾಗ ಹುಡುಕಲು ಕೊಳವೆಗಳಿಗೆ ಹೊಗೆ ತುಂಬಿ ಅದು ಹೊರಬರುವ ಜಾಗ ನೋಡುವ ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜಿಗೇ ಹೋಗಿ. ಬಿಸಿ ಇಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಪರೀಕ್ಷಿಸುವ ರೂಢಿ ಹಲವೆಡೆ ಇದೆ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದಕ್ಕೆ ಒಪ್ಪಬೇಡಿ. ಕಾರು ತೋಟದ ಶೆಡ್ಡಿನಲ್ಲೋ ಖಾಲಿ ನಿವೇಶನದ ಪಕ್ಕದಲ್ಲೋ ನಿಲ್ಲುವುದಾದರೆ ಇಲಿ ಕಡಿದ ಕೊಳವೆ ಮತ್ತು ವೈರುಗಳನ್ನೂ ಟಾರ್ಚ್ ಹಿಡಿದು ನೋಡಿ.

ಇಷ್ಟರಲ್ಲಿ ಏನೂ ಸಿಗದಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಉಳಿಯುತ್ತದೆ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಬಹಳ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು: ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಒತ್ತಡ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟನ್ನು ಮೊದಲು ಶಂಕಿಸಬೇಕು.

ಬಂದ ಕೋಡನ್ನೂ ಎರಡು ವೇಗಗಳ ಟ್ರಿಮ್ ಅಂಕಿಗಳನ್ನೂ ಇಲ್ಲಿ ಬರೆಯಿರಿ. ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಆಗ ನಾನು ಮೊದಲು ಕೇಳುವುದು ವಾಲ್ವ್ ಕ್ಲಿಯರೆನ್ಸ್, ಎಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರದ ಬಗ್ಗೆ.