ಬರೆ (ಗುಡ್ಡದ ಇಳಿಜಾರು) ಕಡಿಯಲು ಅನುಮತಿ ಕೊಡುವವರು ಯಾರು?

(ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರ: ‘ಮೂರು ಎಕರೆ ಕಾಫಿ ತೋಟವನ್ನೇ ನಂಬಿ ಸಂಸಾರ ಸಾಗುವುದಿಲ್ಲ. ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿಬಿಟ್ಟರೆ ಮನೆ ಕಟ್ಟುವುದಕ್ಕೂ ಆಗದು. ಕಾವೇರಿ ನೀರು ಊರೂರಿಗೆ ಬೇಕು, ಕಾಡು ಕಾಯುವ ಹೊರೆ ಮಾತ್ರ ನಮಗೇಕೆ?’)

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಮರದ ನೆರಳಿನಲ್ಲಿ ಕಾಫಿ ಬೆಳೆಯುವವನು, ಬಾಣೆಯ (ಗದ್ದೆಗೆ ಹೊಂದಿಕೊಂಡ ಕಾಡುಜಾಗದ) ಮರಗಳನ್ನು ಉಳಿಸಿಕೊಂಡವನು, ನಷ್ಟವೆಂದು ಗೊತ್ತಿದ್ದರೂ ಗದ್ದೆಗೆ ನೀರು ಕಟ್ಟುವವನು ಕೆಳಗಿನ ಊರುಗಳಿಗೆ ಮಾಡುವ ಉಪಕಾರಕ್ಕೆ ಯಾವ ಬಜೆಟ್ಟಿನಲ್ಲೂ ಲೆಕ್ಕವಿಲ್ಲ. ಅದನ್ನು ಕೇಳಿ ಪಡೆಯಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ಆದರೆ ಮನೆ ಕಟ್ಟಲಾಗದೆಂಬ ಭಯಕ್ಕೆ ಆಧಾರವಿಲ್ಲ. ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ನಂತರ 2014ರಿಂದ ಕೇಂದ್ರ ಸರ್ಕಾರದಿಂದ ಮತ್ತೆ ಮತ್ತೆ ಹೊರಟ ಕರಡು ಅಧಿಸೂಚನೆಗಳು ತಡೆಯಹೊರಟದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕೈಗಾರಿಕೆ ಹಾಗೂ 20,000 ಚದರ ಮೀಟರ್ ಮೀರಿದ ಕಟ್ಟಡಗಳನ್ನು. ತೋಟ, ಗದ್ದೆ, ವಾಸದ ಮನೆಗಳನ್ನಲ್ಲ. ನಮ್ಮ ಆಕ್ಷೇಪ ಇದಕ್ಕೆ ತದ್ವಿರುದ್ಧ: ಗುಡ್ಡದ ನೆತ್ತಿಯಲ್ಲಿ ಏಳುವ 2,000 ಚದರ ಮೀಟರಿನ ರೆಸಾರ್ಟನ್ನು ಈ ಮಿತಿ ಮುಟ್ಟುವುದೇ ಇಲ್ಲ. ಹತ್ತು ವರ್ಷಗಳಿಂದ ವರದಿಯ ಪರವಾಗಿಯೂ ವಿರೋಧವಾಗಿಯೂ ನಡೆದ ಗದ್ದಲದಲ್ಲಿ ಈ ಅಂಶವನ್ನು ಗಮನಿಸಿದವರು ಕಡಿಮೆ.

ಕೊಡಗಿನಲ್ಲಿ ಅಪಾಯ ಬರುವ ದಾರಿ ಬೇರೆ. ಸಮತಟ್ಟು ಜಾಗಕ್ಕಾಗಿ ಹಿಟಾಚಿ ಯಂತ್ರದಿಂದ ಇಳಿಜಾರಿನ ಬುಡವನ್ನು ನೇರವಾಗಿ ಕಡಿಯುತ್ತಾರೆ. ತೆಗೆದ ಮಣ್ಣನ್ನು ಕೆಳಗಿನ ತೋಡಿಗೆ (ಹಳ್ಳಕ್ಕೆ) ದೂಡುತ್ತಾರೆ. ಮೇಲಿನ ನೀರು ಹರಿದುಹೋಗಲು ಚರಂಡಿ ಇರುವುದಿಲ್ಲ. ಆಟಿಯ (ಜುಲೈ–ಆಗಸ್ಟ್) ಮಳೆ ವಾರಗಟ್ಟಲೆ ಹಿಡಿದಾಗ ನೀರು ಕುಡಿದ ಬರೆ ಹಿತ್ತಿಲ ಗೋಡೆಯ ಮೇಲೆ ಬಂದು ಕೂರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆಗಳಲ್ಲಿ ಆದ ದುರಂತಕ್ಕೆ ಅತಿವೃಷ್ಟಿಯೊಂದೇ ಕಾರಣವಲ್ಲ, ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದಾಗಲೂ ಅದೇ ಚರ್ಚೆ ಎದ್ದಿತು, ಮಳೆ ನಿಂತ ಮೇಲೆ ತಣ್ಣಗಾಯಿತು.

ಇಂಥ ಕೆಲಸಕ್ಕೆ ದಾರಿ ತೆರೆಯುವುದು ದೆಹಲಿಯ ಅಧಿಸೂಚನೆಯಲ್ಲ, ಕೃಷಿಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆಯ ಕಡತ. ಅಲ್ಲಿ ಸರ್ವೆ ನಂಬರು, ಪಹಣಿ, ಶುಲ್ಕಗಳಿಗೆ ಇರುವ ಮಹತ್ವ ಜಾಗದ ಇಳಿಜಾರಿಗೂ ಅದರ ಕೆಳಗಿರುವ ತೋಡಿಗೂ ಸಿಗಬೇಕು. ಪಶ್ಚಿಮ ಘಟ್ಟದ ಬಗ್ಗೆ ಇದಕ್ಕೂ ಮೊದಲು ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಇಂಥ ತೀರ್ಮಾನಗಳಲ್ಲಿ ಗ್ರಾಮಸಭೆಯ ಮಾತು ನಡೆಯಬೇಕೆಂದಿತ್ತು. ಆ ವರದಿಯನ್ನು ವಿರೋಧಿಸಿದವರಲ್ಲಿ ಎಷ್ಟು ಮಂದಿ ಆ ಪುಟವನ್ನು ಓದಿದ್ದರೋ!

ಹೋಂಸ್ಟೇ ಮಾಡಬಾರದೆಂದು ನಾವು ಹೇಳುವುದಿಲ್ಲ. ಈಗಿರುವ ಮನೆಯ ಎರಡು ಕೋಣೆಗಳನ್ನೋ ಖಾಲಿ ಬಿದ್ದ ಲೈನ್‌ಮನೆಯನ್ನೋ (ತೋಟದ ಕೆಲಸಗಾರರ ಮನೆ) ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುವುದಕ್ಕೆ ಗುಡ್ಡ ಕಡಿಯಬೇಕಿಲ್ಲ. ಮೂರು ಎಕರೆಯನ್ನೇ ಲೇಔಟಿಗೆ ಮಾರುವ ಯೋಚನೆಯಿದ್ದರೆ, ನಿಮ್ಮ ಕೆಳಗಿನ ತೋಟದವರನ್ನು ಒಮ್ಮೆ ಕೇಳಿ ಮುಂದುವರಿಯಿರಿ.

– ಸಂಪಾದಕ